ನಾನು ಫುಯಾರ ಮಾಡಿದ್ದು ಹೀಗೆ

ಫುಯಾರ ಸ್ಲೊವಾಕಿಯಾದ ಕುರಿಗಾಹಿಗಳ ಕೊಳಲು. ಉದ್ದ 160ರಿಂದ 200 ಸೆಂಟಿಮೀಟರ್, ರಂಧ್ರ ಮಾತ್ರ ಮೂರೇ ಮೂರು. ಯುನೆಸ್ಕೋ 2005ರಲ್ಲಿ ಇದನ್ನೂ ಇದರ ಸಂಗೀತವನ್ನೂ ಮಾನವ ಪರಂಪರೆಯ ಮೇರುಕೃತಿಗಳಲ್ಲಿ ಒಂದೆಂದು ಸಾರಿತು. ಕೆಲಸದ ಮೇಲೆ ಆ ದೇಶದಲ್ಲಿದ್ದಾಗ ಪೋಲಾನಾ ಬೆಟ್ಟದ ಸೀಮೆಯ ದೆತ್ವಾದಲ್ಲಿ ಇದನ್ನು ಕೇಳಿ, ಒಂದನ್ನು ನಾನೇ ಮಾಡಬೇಕೆಂದು ಹಟ ಹಿಡಿದೆ.

ಮೂರು ರಂಧ್ರ ಸಾಲುವುದು ಹೇಗೆ ಅನ್ನುವುದು ನಮ್ಮ ಸ್ವರಗಳಲ್ಲಿ ಹೇಳಿದರೆ ಥಟ್ಟನೆ ಹೊಳೆಯುತ್ತದೆ. ಉದ್ದನೆಯ ಕಿರಿದಾದ ಕೊಳವೆಯಲ್ಲಿ ಉಸಿರಿನ ಒತ್ತಡ ಸ್ವಲ್ಪ ಏರಿಸಿದರೆ ಸಾಕು, ನಾದ ಒಂದು ಮೇಲ್ಸ್ವರದಿಂದ, ಅಂದರೆ ಮೂಲಸ್ವರದ ಎರಡು, ಮೂರು, ನಾಲ್ಕು ಪಟ್ಟು ಕಂಪನದ ಸ್ವರಗಳಲ್ಲಿ ಒಂದರಿಂದ, ಇನ್ನೊಂದಕ್ಕೆ ನೆಗೆಯುತ್ತದೆ. ಎರಡು ಪಟ್ಟಿನದು ಷಡ್ಜವಾದರೆ ಮೂರು ಪಟ್ಟಿನದು ಪಂಚಮ, ನಾಲ್ಕು ಪಟ್ಟಿನದು ತಾರ ಷಡ್ಜ. ಸ ಮತ್ತು ಪ ನಡುವೆ ಉಳಿಯುವುದು ರಿ, ಗ, ಮ. ಅದಕ್ಕೇ ಮೂರು ರಂಧ್ರ. ಉಳಿದದ್ದೆಲ್ಲ ಉಸಿರಿನ ಕೆಲಸ.

ಮರ ಎಲ್ಡರ್, ಯುರೋಪಿನ ಒಂದು ಸಣ್ಣ ಮರ. ಅದರ ನಡುವಿನ ತಿರುಳು ಮೆದು, ಹಾಗಾಗಿ ಬೈರಿಗೆ ತಿರುಳಿನ ಜಾಡು ಹಿಡಿದು ಇಳಿಯುತ್ತದೆ. ಚಳಿಗಾಲದಲ್ಲಿ ಕಡಿದು ನೆರಳಲ್ಲಿ ಒಣಗಿಸಿಟ್ಟ ಕಾಂಡ ನನಗೆ ಸಿಕ್ಕಿತ್ತು. ಉದ್ದ ಬೈರಿಗೆಯಿಂದ ಎರಡೂ ತುದಿಗಳಿಂದ ಕೊರೆದು ನಡುವೆ ಕೂಡಿಸಿದೆ. ನೋಡುವವರೆಲ್ಲ ಬೆರಗಾಗುವುದು ಈ ಕೊರೆತಕ್ಕೇ. ನನ್ನ ಮಟ್ಟಿಗೆ ಅದು ಬರೀ ತೋಳಿನ ಕೆಲಸ.

ಉದ್ದಕ್ಕೆ ಒಂದು ಲೆಕ್ಕ ಹಾಕಿಕೊಂಡಿದ್ದೆ. ಸುಮಾರು 98 ಹರ್ಟ್ಸ್‌ನ ಜಿ ಎಂಬ ಪಾಶ್ಚಾತ್ಯ ಸ್ವರ ಬೇಕು, ಶಬ್ದದ ವೇಗ ಸೆಕೆಂಡಿಗೆ 343 ಮೀಟರ್, ಎರಡೂ ಕಡೆ ತೆರೆದ ಕೊಳವೆ. ಅಂಥ ಕೊಳವೆಯ ಉದ್ದ ಅರ್ಧ ಅಲೆಯಷ್ಟು, ಅಂದರೆ 175 ಸೆಂಟಿಮೀಟರ್. ತುದಿಗಳಾಚೆಗೂ ಗಾಳಿ ಕಂಪಿಸುವುದರಿಂದ ನಿಜವಾದ ಮರ ಅದಕ್ಕಿಂತ ಗಿಡ್ಡವೇ ಆಗಬೇಕು. ಆದರೂ ಉದ್ದವಾಗಿಯೇ ಬಿಟ್ಟು, ಊದಿ ಊದಿ ಕೊಳವೆ ಬೆಚ್ಚಗಾದ ಮೇಲೆ ಟ್ಯೂನರ್ ನೋಡಿ ಕೆಳತುದಿಯನ್ನು ಚೂರುಚೂರೇ ಕತ್ತರಿಸಿದೆ. ತಣ್ಣಗಿರುವಾಗ ಶ್ರುತಿ ನೋಡಿ ಕತ್ತರಿಸಿದರೆ, ಉಸಿರಿನ ಬಿಸಿಗೆ ಆಮೇಲೆ ಅದು ಮೇಲಕ್ಕೇರುತ್ತದೆ.

ಇಷ್ಟುದ್ದದ ಕೊಳಲನ್ನು ತುದಿಯಲ್ಲಿ ಊದಿದರೆ ಕೆಳಗಿನ ರಂಧ್ರಗಳಿಗೆ ಕೈ ನಿಲುಕದು. ಅದಕ್ಕೆ ಪಕ್ಕದಲ್ಲಿ ಇನ್ನೊಂದು ಗಿಡ್ಡ ಕೊಳವೆ ಕಟ್ಟುತ್ತಾರೆ. ಉಸಿರು ಅದರಲ್ಲಿ ಮೇಲೇರಿ, ತುದಿಯಲ್ಲಿ ತಿರುಗಿ ದೊಡ್ಡ ಕೊಳವೆಯ ಬಾಯಿಗೆ ಬಡಿದ ಮರದ ಬಿರಡೆಯ ಬಳಿ ಇಳಿಯುತ್ತದೆ. ಎರಡರ ಕೂಡಿಕೆಯಲ್ಲಿ ಕೂದಲೆಳೆಯಷ್ಟು ಸಂದಿದ್ದರೂ ಗಾಳಿ ಸೋರುತ್ತದೆ.

ಇನ್ನು ಆ ಬಿರಡೆ. ವಾದ್ಯದ ಜೀವ ಇರುವುದು ಅಲ್ಲೇ, ನನ್ನ ಸಮಯ ಬಹುಪಾಲು ತಿಂದದ್ದೂ ಅದೇ. ಬಿರಡೆಯ ಮೇಲಿನ ಸೀಳಿನಿಂದ ಗಾಳಿ ತೆಳ್ಳನೆಯ ಹಾಳೆಯಾಗಿ ಹೊರಟು ಎದುರಿನ ಅಲಗಿಗೆ, ಅಂದರೆ ಕೊಳವೆಯ ಕಿಂಡಿಯ ಚೂಪು ಅಂಚಿಗೆ, ಬಡಿಯಬೇಕು. ಸೀಳು ದಪ್ಪವಾದರೆ ಮೇಲ್ಸ್ವರಗಳು ಮಂಕಾಗಿ ಬುಸುಗುಟ್ಟುವ ಸದ್ದೇ ಜಾಸ್ತಿ. ತೀರಾ ತೆಳುವಾದರೆ ಉಸಿರಿನ ತೇವಕ್ಕೇ ಕಟ್ಟಿಕೊಳ್ಳುತ್ತದೆ. ನನಗೆ ಒಂದು ಮಿಲಿಮೀಟರಿನ ಆಸುಪಾಸಿನಲ್ಲಿ ಸರಿಹೋಯಿತು. ಬಿರಡೆಯ ಅಂಚನ್ನು ಉಳಿಯಿಂದ ಒಂದೆಳೆ ಸವರಿದರೂ ನಾದ ಬೇರೆಯೇ ಆಗುತ್ತದೆ. ಸವರುವುದು, ಊದುವುದು, ಮತ್ತೆ ಸವರುವುದು. ತೆಗೆದ ಮರವನ್ನು ಮರಳಿ ಅಂಟಿಸಲಾಗದು, ಆದ್ದರಿಂದ ಇಲ್ಲಿ ಅವಸರ ಸಲ್ಲ.

ಸರಿಯಾಗಿದೆಯೇ ಎಂದು ನೋಡಲು ಅಲ್ಲಿನವರದೇ ಒಂದು ಪರೀಕ್ಷೆ ಸಾಕು. ವಾದನಕ್ಕೆ ಮುನ್ನ ಅವರು ಜೋರಾಗಿ ಊದಿ, ಅತಿ ಮೇಲಿನ ಸ್ವರದಿಂದ ಜಲಪಾತದಂತೆ ಕೆಳಗಿಳಿಯುತ್ತಾರೆ. ಅದಕ್ಕೆ ರೋಜ್ಫುಕ್ ಎನ್ನುತ್ತಾರೆ. ಇಳಿಯುವಾಗ ನಡುವೆ ಯಾವ ಸ್ವರವೂ ತಪ್ಪಿಹೋಗದಿದ್ದರೆ ಅಲಗು ಸರಿಯಿದೆ. ರಂಧ್ರಗಳನ್ನು ನಾನು ಅದು ಪಳಗಿದ ಮೇಲಷ್ಟೇ ಕೊರೆದೆ, ಮೊದಲು ಸಣ್ಣದಾಗಿ, ಆಮೇಲೆ ಶ್ರುತಿಗೆ ತಕ್ಕಂತೆ ಅಗಲಿಸಿ.

ಅಲಂಕಾರಕ್ಕೆ ಅಲ್ಲಿ ಆ್ಯಸಿಡ್‌ನಿಂದ ಮರದ ಮೇಲೆ ಕಂದು ಬಳ್ಳಿಗಳನ್ನು ಬರೆಯುವ ರೂಢಿಯಿದೆ. ನನಗೆ ಅಷ್ಟು ಧೈರ್ಯ ಬರಲಿಲ್ಲ. ಒಳಗೂ ಹೊರಗೂ ಅಗಸೆ ಎಣ್ಣೆ ಸವರಿ ಹಾಗೇ ಬಿಟ್ಟೆ. ನುಡಿಸಿದ ಮೇಲೆ ತೇವ ಒರೆಸಿ, ಬಿಸಿಲಿಗೂ ಹೀಟರಿಗೂ ದೂರದಲ್ಲಿ ಇಡುತ್ತೇನೆ.