ಅಪ್ಪಯ್ಯನ ಹೈನೆಕ್ ಸ್ವೆಟರ್

ತೀರ್ಥಹಳ್ಳಿ ಕಡೆ ಡಿಸೆಂಬರ್ ಅಂದರೆ ಅಡಿಕೆ ಸುಲಿಯುವ ಕಾಲ. ಅಪ್ಪಯ್ಯ ನಸುಕಿಗೇ ಎದ್ದು ಚಪ್ಪರದಲ್ಲಿ ಮೆಟ್ಟುಗತ್ತಿ ಮುಂದೆ ಕೂರುತ್ತಾರೆ. ಅವರಿಗೆ ಸ್ವೆಟರ್ ಇತ್ತು, ಮಫ್ಲರೂ ಇತ್ತು. ಆದರೆ ಬಗ್ಗಿದಾಗಲೆಲ್ಲ ಮಫ್ಲರ್ ತುದಿ ಜಾರಿ ಕತ್ತಿಯ ಹತ್ತಿರ ಬರುತ್ತಿತ್ತು. ತೆಗೆದಿಟ್ಟರೆ ಕುತ್ತಿಗೆ ಸುತ್ತ ಚಳಿ. ಅದನ್ನು ನೋಡಿ ನೋಡಿ, ಕುತ್ತಿಗೆ ಪೂರ್ತಿ ಮುಚ್ಚುವ ಸ್ವೆಟರನ್ನು ನಾನೇ ಹೆಣೆಯಬೇಕು ಅನ್ನಿಸಿತು.

ಉಲ್ಲನ್ ತಂದಿದ್ದು ಶಿವಮೊಗ್ಗದ ಗಾಂಧಿ ಬಜಾರಿನಿಂದ. ಮೊದಲ ಸಲ ಮೋಸ ಹೋದೆ. ಅಂಗಡಿಯವರು 'ಪಕ್ಕಾ ಉಲ್ಲನ್' ಅಂದಿದ್ದರು. ಮನೆಗೆ ಬಂದು ಒಂದು ಎಳೆ ಸುಟ್ಟರೆ ಕರಗಿ ಗಟ್ಟಿ ಮಣಿಯಾಯಿತು. ಅದು ಅಕ್ರಿಲಿಕ್, ಅಂದರೆ ಕೃತಕ ನೂಲು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ನಮ್ಮಲ್ಲಿ ಇದು ಸಣ್ಣ ವಿಷಯ ಅಲ್ಲ. ಚಳಿಗೆ ಬೆಂಕಿ ಕಾಯಿಸುತ್ತಾ ಕೂರುವವರ ಮೇಲೆ ಕಿಡಿ ಹಾರಿದರೆ ಅಕ್ರಿಲಿಕ್ ಕರಗಿ ಮೈಗೆ ಅಂಟುತ್ತದೆ. ಉಣ್ಣೆ ಅಷ್ಟು ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಒದ್ದೆಯಾದರೂ ಅದು ಬೆಚ್ಚಗಿಡುತ್ತದೆ ಅನ್ನುವುದು ಕಂಬಳಿ ಕೊಪ್ಪೆ ಹಾಕಿ ಗದ್ದೆಗೆ ಹೋಗುತ್ತಿದ್ದ ಹಿರಿಯರಿಗೆ ಗೊತ್ತೇ ಇತ್ತು, ಅಲ್ವಾ?

ಆದರೆ ಕಂಬಳಿಯ ಉಣ್ಣೆ ಕುತ್ತಿಗೆಗೆ ಚುಚ್ಚುತ್ತದೆ. ಎರಡನೇ ಸಲ ಹೋದಾಗ ಉಂಡೆಯನ್ನು ಗಲ್ಲದ ಕೆಳಗೆ ಸ್ವಲ್ಪ ಹೊತ್ತು ಒತ್ತಿ ಹಿಡಿದು ನೋಡಿದೆ. ತುರಿಸದ ಮೆರಿನೋ ಕುರಿಯ ನಯವಾದ ಉಣ್ಣೆ ಆರಿಸಿದೆ, 50 ಗ್ರಾಮಿನ 12 ಉಂಡೆ. ಬಣ್ಣ ಕಡು ಕಂದು. ಅಡಿಕೆ ಚೊಗರು ಹಿಡಿದರೆ ಏನು ಮಾಡಿದರೂ ಹೋಗಲ್ಲ, ತಿಳಿ ಬಣ್ಣ ಸುಮ್ನೆ ದಂಡ.

ಎದೆ ಅಳತೆ 38 ಇಂಚು. ಒಳಗೆ ಅಂಗಿ ಇರುತ್ತದೆ ಅಂತ 4 ಇಂಚು ಸೇರಿಸಿದೆ. 8ನೇ ನಂಬರ್ ಕಡ್ಡಿಯಲ್ಲಿ ಒಂದು ತುಂಡು ಹೆಣೆದು ಅಳೆದೆ, ಇಂಚಿಗೆ ಐದೂವರೆ ಕುಣಿಕೆ ಬಂತು. ಹಿಂಭಾಗಕ್ಕೆ 21 ಇಂಚು, ಅಂದರೆ ಸುಮಾರು 115. ಪಟ್ಟಿಯ ಎರಡು ಸೀದಾ ಕುಣಿಕೆ, ಎರಡು ಉಲ್ಟಾ ಕುಣಿಕೆಯ ಲೆಕ್ಕ ಹೊಂದಲಿ ಅಂತ 114 ಹಾಕಿದೆ. ಕೆಳಗಿನ ಪಟ್ಟಿಗೆ 10ನೇ ನಂಬರ್ (ನಂಬರ್ ಹೆಚ್ಚಿದಷ್ಟೂ ಕಡ್ಡಿ ಸಣ್ಣ), ಮೈಗೆ 8. ಮಳೆಗಾಲದ ಸಂಜೆಗಳಲ್ಲಿ ಹಿಂಭಾಗ, ಮುಂಭಾಗ, ತೋಳು ಎಲ್ಲಾ ಮುಗಿದವು.

ಕಷ್ಟ ಬಂದದ್ದು ಕಾಲರಿನಲ್ಲಿ. ಭುಜ ಹೊಲಿದ ಮೇಲೆ ಕುತ್ತಿಗೆ ಸುತ್ತ 112 ಕುಣಿಕೆ ಎತ್ತಿಕೊಂಡು, ನಾಲ್ಕು ಕಡ್ಡಿಯ ಸೆಟ್ಟಿನಲ್ಲಿ ಸುತ್ತಾಗಿ 8 ಇಂಚು ಹೆಣೆದೆ. ಅಚ್ಚುಕಟ್ಟಾಗಿ ಕಾಣಲಿ ಅಂತ ಕೊನೆಯ ಸಾಲನ್ನು ಬಿಗಿಯಾಗಿ ಮುಗಿಸಿದೆ. ಅಪ್ಪಯ್ಯನಿಗೆ ಹಾಕಲು ಹೋದರೆ ತಲೆ ಅರ್ಧಕ್ಕೇ ಸಿಕ್ಕಿಕೊಂಡಿತು. "ಎಂತ ಮಾರಾಯ್ತಿ, ಕಿವಿ ನೋಯ್ತದೆ!" ಅಂದರು. ನನಗೆ ಅಳು ಬಂತು. ಪಟ್ಟಿ ಎಷ್ಟೇ ಹಿಗ್ಗಲಿ, ಅಂಚು ಹಿಗ್ಗದಿದ್ದರೆ ತಲೆ ತೂರುವುದಿಲ್ಲ.

ಕಾಲರನ್ನು ಬಿಚ್ಚಿದೆ. ಮತ್ತೆ ಹೆಣೆಯುವಾಗ ಮೊದಲ 4 ಇಂಚು 10ನೇ ನಂಬರಿನಲ್ಲಿ, ಮೇಲಿನ 4 ಇಂಚು 8ರಲ್ಲಿ ಹೆಣೆದೆ. ಹಾಗೆ ಮಾಡಿದರೆ ಮಡಚಿದ ಭಾಗ ಕೆಳಗಿನದರ ಮೇಲೆ ಸಡಿಲವಾಗಿ ಕೂರುತ್ತದೆ. ಕೊನೆಯ ಸಾಲಿಗೆ ಇನ್ನೂ ದಪ್ಪದ 6ನೇ ನಂಬರ್ ಕಡ್ಡಿ ಹಿಡಿದು, ದಾರ ಎಳೆಯದೆ ಮುಗಿಸಿದೆ. ಎರಡು ಸೀದಾ, ಎರಡು ಉಲ್ಟಾ ಪಟ್ಟಿ ಎರಡೂ ಕಡೆ ಒಂದೇ ಥರ ಕಾಣುವುದರಿಂದ ಮಡಚಿದರೂ ಚೆಂದ. ಈ ಸಲ ತಲೆ ಸಲೀಸಾಗಿ ತೂರಿತು.

ಸ್ವೆಟರ್ ತೊಳೆಯುವಾಗ ತಣ್ಣೀರಿಗೆ ಸ್ವಲ್ಪ ಶಾಂಪೂ ಹಾಕಿ ಅದ್ದಿ ತೆಗೆಯುತ್ತೇನೆ. ಹಿಂಡಬಾರದು. ಟವೆಲ್ಲಿನಲ್ಲಿ ಸುತ್ತಿ ಒತ್ತಿ, ಜಗಲಿಯಲ್ಲಿ ಚಾಪೆ ಮೇಲೆ ಹರಡಬೇಕು. ತಂತಿಗೆ ನೇತುಹಾಕಿದರೆ ನೀರಿನ ಭಾರಕ್ಕೆ ಉದ್ದವಾಗುತ್ತದೆ. ಮಳೆ ಶುರುವಾದ ಮೇಲೆ ತೊಳೆದರೆ ಒಣಗದೆ ಬೂಷ್ಟು ಹಿಡಿಯುತ್ತದೆ, ಹಾಗಾಗಿ ಏಪ್ರಿಲ್ ಬಿಸಿಲಲ್ಲೇ ಆ ಕೆಲಸ ಮುಗಿಸುತ್ತೇನೆ. ಬೆವರಿನ ಬಟ್ಟೆಗೆ ಹುಳ ಬೇಗ ಬೀಳುತ್ತದೆ, ತೊಳೆಯದೆ ಎತ್ತಿಡುವುದೇ ಇಲ್ಲ.

ಈಗ ಚಿಕ್ಕಪ್ಪನಿಗೂ ಒಂದು ಬೇಕಂತೆ. ಎದೆಗಿಂತ ಮೊದಲು ತಲೆಯ ಸುತ್ತಳತೆ ತಗೊಂಡಿದ್ದೇನೆ, 23 ಇಂಚು.