ಬುಸುಗುಟ್ಟುವ ಬೀದಿ ಮರಿಗೆ ಉದ್ದ ಚಮಚ
ಬೀದಿಯಿಂದ ತಂದ ಬೆಕ್ಕಿನ ಮರಿ ಮುಟ್ಟಲು ಬಿಡದಿದ್ದರೆ ಬಟ್ಟಲಲ್ಲಿ ಊಟ ಇಟ್ಟು ಹೋಗಬೇಡಿ. ಉದ್ದ ಹಿಡಿಯ ಚಮಚದ ತುದಿಗೆ ಮೆತ್ತಗಿನ ಬೆಕ್ಕಿನ ಆಹಾರ ಹಚ್ಚಿ, ಪಕ್ಕದಲ್ಲೇ ಕೂತು ನೆಕ್ಕಿಸಿ. ದಿನ ಕಳೆದಂತೆ ಕೈ ಹತ್ತಿರ ತನ್ನಿ, ಕೊನೆಗೆ ಬೆರಳಿಂದಲೇ ಕೊಡಿ. ಮನುಷ್ಯ ಬಂದರೆ ಊಟ ಬಂತು ಅಂತ ಅದರ ತಲೆಯಲ್ಲಿ ಕೂರುತ್ತೆ. ಕಿವಿ ಹಿಂದಕ್ಕೆ ಒತ್ತಿಕೊಂಡೇ ನೆಕ್ಕುತ್ತಿದ್ದರೆ ಇನ್ನೂ ಸವರುವ ಹೊತ್ತಲ್ಲ. ಹಾಗಂತ ಪಳಗಿಸುವ ನೆಪದಲ್ಲಿ ಉಪವಾಸ ಕೆಡವಬೇಡಿ, ಸಣ್ಣ ಮರಿ ಬೇಗ ನಿತ್ರಾಣವಾಗುತ್ತೆ. 8 ವಾರದೊಳಗಿನ ಮರಿಗಳಲ್ಲಿ ಇದು ಚೆನ್ನಾಗಿ ನಡೆಯುತ್ತೆ. 4 ತಿಂಗಳು ದಾಟಿದ್ದರೆ ಸಾಮಾನ್ಯವಾಗಿ ಕೈಕೊಡುತ್ತೆ, ಅಂಥವಕ್ಕೆ ಸಂತಾನಹರಣ ಚಿಕಿತ್ಸೆ ಮಾಡಿಸಿ ಸಿಕ್ಕ ಜಾಗಕ್ಕೇ ಬಿಡುವುದು ಮೇಲು. ದತ್ತು ಕೊಡುವ ಮುಂಚೆ ಬೇರೆಯವರ ಕೈಯಿಂದಲೂ ತಿನ್ನಿಸಿ. ನಿಮ್ಮೊಬ್ಬರನ್ನೇ ನಂಬಿದ ಮರಿ ಹೊಸ ಮನೆಯಲ್ಲಿ ಸೋಫಾ ಕೆಳಗಿಂದ ಈಚೆ ಬರಲ್ಲ.