ಸಣ್ಣ ಹೈಬ್ರಿಡ್ ಕಾರಿಗೆ ಟ್ರೇಲರ್ ಕಟ್ಟುವ ಮುನ್ನ

ದಾವಣಗೆರೆಯಿಂದ ಚಿತ್ರದುರ್ಗದ ಕಡೆಗೆ ಸಣ್ಣ ಹೈಬ್ರಿಡ್ ಕಾರಿನಲ್ಲಿ (ಎಂಜಿನ್ನಿನ ಜೊತೆಗೆ ಬ್ಯಾಟರಿಯಿಂದ ನಡೆಯುವ ಮೋಟಾರೂ ಇರುವ ಕಾರು) ಹಗುರವಾದ ಟ್ರೇಲರ್ ಎಳೆದುಕೊಂಡು ಹೋಗಬೇಕೆಂದಿರುವವರು ಮೊದಲು ಕಾರಿನ ಕೈಪಿಡಿಯಲ್ಲಿ ಎಳೆಯುವ ಮಿತಿಯನ್ನು ನೋಡಬೇಕು. ಕೆಲವು ಹೈಬ್ರಿಡ್ ಮಾದರಿಗಳಿಗೆ ತಯಾರಕರು ಆ ಅನುಮತಿಯನ್ನೇ ಕೊಟ್ಟಿರುವುದಿಲ್ಲ, ಅಂಥ ಕಾರಿಗೆ ದಯವಿಟ್ಟು ಕೊಂಡಿ ಹಾಕಿಸಬೇಡಿ. ಮಿತಿಯಲ್ಲಿ ಟ್ರೇಲರಿನ ಸ್ವಂತ ತೂಕವೂ ಸೇರಿರುತ್ತದೆ.

ಸಾಮಾನಿನ ಸುಮಾರು ಶೇ. 60ರಷ್ಟು ಭಾರ ಟ್ರೇಲರಿನ ಚಕ್ರಗಳ ಅಚ್ಚಿನ ಮುಂದಕ್ಕಿರಲಿ. ಹಿಂಭಾಗ ಭಾರವಾದರೆ ವೇಗ ಹೆಚ್ಚಿದಂತೆ ಟ್ರೇಲರ್ ಓಲಾಡತೊಡಗುತ್ತದೆ, ಅದರಲ್ಲೂ ಗಾಳಿಯಂತ್ರಗಳು ಸಾಲಾಗಿ ನಿಂತಿರುವ ಚಿತ್ರದುರ್ಗದ ಗುಡ್ಡಗಳ ಬಳಿ ಅಡ್ಡಗಾಳಿಯ ಬಗ್ಗೆ ಹೆಚ್ಚು ಎಚ್ಚರ ಬೇಕು. ಓಲಾಡಿದಾಗ ಬ್ರೇಕನ್ನು ಜೋರಾಗಿ ಒತ್ತದೆ, ಆಕ್ಸಿಲರೇಟರಿನಿಂದ ಕಾಲು ತೆಗೆದು ಸ್ಟಿಯರಿಂಗನ್ನು ನೇರವಾಗಿ ಹಿಡಿಯಿರಿ.

ಉದ್ದನೆಯ ಇಳಿಜಾರಿನಲ್ಲಿ ಬ್ಯಾಟರಿ ತುಂಬಿಬಿಟ್ಟರೆ, ಮೋಟಾರು ವಿದ್ಯುತ್ ಉತ್ಪಾದಿಸುತ್ತಾ ಕೊಡುತ್ತಿದ್ದ ಬ್ರೇಕಿನ ಬಲ ಕಡಿಮೆಯಾಗುವುದರಿಂದ, ಇಳಿಯುವ ಮುನ್ನವೇ ವೇಗವನ್ನು ತಗ್ಗಿಸಿ.